ಹುಟ್ಟುಗುಣವೋ, ರೋಗವೋ? ಹಳೆಯ ಅಡ್ವೆಂಚರ್ ಬೈಕ್ ಕೊಳ್ಳುವ ಮೊದಲು

ಓದುಗರ ಪ್ರಶ್ನೆ:

"ನಮಸ್ಕಾರ ಸರ್. ನಮ್ಮ ಮನೆ ಶಿರಸಿ ತಾಲೂಕಿನ ಹುಲೇಕಲ್ ಕಡೆ, ಕೆಲಸ ಕುಮಟಾದಲ್ಲಿ. ವಾರಕ್ಕೆ ಎರಡು ಸಲವಾದರೂ ದೇವಿಮನೆ ಘಟ್ಟ ಹತ್ತಿಳಿಯುತ್ತೇನೆ. ಈಗಿರುವ 125 ಸಿಸಿ ಬೈಕು ಸಾಕಾಗುತ್ತಿಲ್ಲ. ಕಾರವಾರದಲ್ಲಿ 2019ರ ಒಂದು ಅಡ್ವೆಂಚರ್ ಬೈಕ್ ಮಾರಾಟಕ್ಕಿದೆ, 400 ಸಿಸಿ ಆಸುಪಾಸಿನದು, 38 ಸಾವಿರ ಕಿ.ಮೀ. ಓಡಿದೆ. ಅರ್ಧ ಗಂಟೆ ಓಡಿಸಿ ನೋಡಿದೆ. ಬ್ರೇಕ್ ಹಿಡಿದರೆ ಮೂತಿ ಕೆಳಗೆ ಹೋಗುತ್ತದೆ. ತಿರುವಿನಲ್ಲಿ ತಿರುಗಲು ಮನಸ್ಸೇ ಇಲ್ಲದ ಹಾಗೆ ಮಾಡುತ್ತದೆ. 80 ದಾಟಿದರೆ ಕೈ ಜುಮ್ಮೆನ್ನುತ್ತದೆ. ಹೊಂಡಕ್ಕೆ ಬಿದ್ದರೆ ಮುಂದಿನಿಂದ 'ಟಕ್' ಎಂಬ ಸದ್ದು. ಎರಡು ಸಲ ನಾಲ್ಕು-ಐದರ ನಡುವೆ ಗೇರ್ ಕೂರದೆ ಇಂಜಿನ್ ಬರೀ ಕೂಗಿತು. ಕೇಳಿದ್ದಕ್ಕೆಲ್ಲ ಮಾಲೀಕರದು ಒಂದೇ ಉತ್ತರ: 'ಅಡ್ವೆಂಚರ್ ಬೈಕ್ ಅಂದ್ರೆ ಹಾಗೇ.' ನನ್ನ ಎತ್ತರ ಐದಡಿ ಐದಿಂಚು. ಕುಳ್ಳಗಿರುವವರಿಗೆ ಇದು ಆಗಿಬರುವುದಿಲ್ಲ ಅಂತ ತಮ್ಮ ಹೇಳುತ್ತಾನೆ. ನನ್ನ ಹೆಂಡತಿಗೆ ಹಿಂದೆ ಹತ್ತಿ ಇಳಿಯುವುದೇ ಚಿಂತೆ. ಕೊಳ್ಳಲೋ, ಬಿಡಲೋ?"

ಬೈಕಿನ ಹೆಸರನ್ನೂ ನೀವು ಬರೆದಿದ್ದಿರಿ, ನಾನೇ ತೆಗೆದಿದ್ದೇನೆ. ಕಾರವಾರ ಅಷ್ಟೇನೂ ದೊಡ್ಡ ಊರಲ್ಲ. ಹೆಸರು, ವರ್ಷ, ಕಿಲೋಮೀಟರ್ ಮೂರೂ ಸೇರಿದರೆ ಮಾರುವವರು ಯಾರೆಂದು ಅರ್ಧ ಊರಿಗೆ ಗೊತ್ತಾಗಿಬಿಡುತ್ತದೆ.

ಅವರ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕಲ್ಲು-ಮಣ್ಣಿನ ದಾರಿಗೂ ಹೊಂದಲೆಂದು ಎತ್ತರವಾಗಿ ಮಾಡಿದ ಇಂಥ ಬೈಕುಗಳಿಗೆ ಕಾರ್ಖಾನೆಯಿಂದಲೇ ಬಂದ ಕೆಲವು ಸ್ವಭಾವಗಳಿವೆ. ಹೊಸ ಗಾಡಿಯಲ್ಲೂ ಅವು ಇರುತ್ತವೆ, ಯಾವ ಮೆಕ್ಯಾನಿಕ್ ಕೈಹಾಕಿದರೂ ಹೋಗುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಅದೇ. ಉಳಿದವು ವಯಸ್ಸಿನಿಂದ, ಉಪ್ಪುಗಾಳಿಯಿಂದ, ಅಸಡ್ಡೆಯಿಂದ ಬಂದ ರೋಗಗಳು. ರೋಗಕ್ಕೆ ಖರ್ಚು ಎಷ್ಟೆಂದು ಲೆಕ್ಕ ಹಾಕಿ ಬೆಲೆಯಲ್ಲಿ ಕಳೆಯಬಹುದು. ಹುಟ್ಟುಗುಣಕ್ಕೆ ಆ ಲೆಕ್ಕ ನಡೆಯುವುದಿಲ್ಲ. ನಿಮಗೆ ಒಗ್ಗಿದರೆ ಒಗ್ಗಿತು, ಇಲ್ಲದಿದ್ದರೆ ದಿನಾ ಜಗಳ. ಶಿರಸಿಯಲ್ಲಿ ಗ್ಯಾರೇಜ್ ಇಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಜನ ಇದನ್ನು ತಿರುಗಾಮುರುಗಾ ಮಾಡುವುದನ್ನೇ ಹೆಚ್ಚು ನೋಡಿದ್ದೇನೆ. ಹುಟ್ಟುಗುಣಕ್ಕೆ ಹೆದರಿ ಒಳ್ಳೆಯ ಗಾಡಿ ಬಿಡುತ್ತಾರೆ, ರೋಗವನ್ನು ಹುಟ್ಟುಗುಣವೆಂದು ನಂಬಿ ಕೆಟ್ಟದ್ದನ್ನು ಮನೆಗೆ ತರುತ್ತಾರೆ.

ನಿಮ್ಮ ಐದು ದೂರುಗಳಲ್ಲಿ ಮೊದಲ ಎರಡು ಬಹುಮಟ್ಟಿಗೆ ಹುಟ್ಟುಗುಣ. ಮೂರನೆಯದು ಪರೀಕ್ಷೆ ಮಾಡದೆ ಹೇಳಲಾಗದು. 'ಟಕ್' ಸದ್ದು ರೋಗವೇ. ಗೇರಿನ ವಿಷಯದಲ್ಲಿ ಎಚ್ಚರ ಬೇಕು.

ಬ್ರೇಕ್ ಹಿಡಿದಾಗ ಮೂತಿ ಯಾಕೆ ತಗ್ಗುತ್ತದೆ? ನಿಮ್ಮ 125ರ ಮುಂದಿನ ಫೋರ್ಕ್, ಅಂದರೆ ಮುಂಚಕ್ರ ಹಿಡಿದಿರುವ ಸ್ಪ್ರಿಂಗ್ ಕೊಳವೆಗಳ ಜೋಡಿ, ಮೇಲೆ ಕೆಳಗೆ ಆಡುವುದು ಹೆಚ್ಚೆಂದರೆ ಐದಿಂಚು. ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ 411ರಲ್ಲಿ ಅದು 200 ಮಿ.ಮೀ., ಹತ್ತಿರ ಹತ್ತಿರ ಎಂಟಿಂಚು. ಹೊಂಡ ನುಂಗಲೆಂದು ಕೊಟ್ಟ ಆ ಉದ್ದವನ್ನೇ ಬ್ರೇಕ್ ಕೂಡ ಬಳಸಿಕೊಳ್ಳುತ್ತದೆ. ಲಿವರನ್ನು ಒಮ್ಮೆಲೇ ಹಿಂಡಬೇಡಿ. ಮೊದಲು ಮೆಲ್ಲಗೆ ಹಿಡಿದು ಮೂತಿ ಕೂರಲು ಬಿಟ್ಟು, ಆಮೇಲೆ ಗಟ್ಟಿಯಾಗಿ ಹಿಡಿಯಿರಿ, ಅದನ್ನೂ ತಿರುವಿಗೆ ಮೊದಲೇ ಮುಗಿಸಿ. ವಾರದಲ್ಲಿ ಕೈಗೆ ಬರುತ್ತದೆ. ನಿಂತಲ್ಲೇ ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಜೋರಾಗಿ ಕೆಳಗೆ ಒತ್ತಿ ಬಿಟ್ಟು ನೋಡಿ. ಒಂದೇ ಸಲ ಎದ್ದು ನಿಂತರೆ ಸರಿ. ತೊಟ್ಟಿಲಿನಂತೆ ಎರಡು ಮೂರು ಸಲ ಆಡಿದರೆ ಫೋರ್ಕ್ ಆಯಿಲ್ ಸತ್ತಿದೆ. ಅದು ರೋಗ, ಆದರೆ ಅಗ್ಗದ ರೋಗ.

ತಿರುಗಲು ಮನಸ್ಸಿಲ್ಲದಿರುವುದಕ್ಕೆ ಕಾರಣ ಮುಂದಿನ 21 ಇಂಚಿನ ಚಕ್ರ. ದೊಡ್ಡ ಚಕ್ರ ಕಲ್ಲು-ಹೊಂಡಗಳ ಮೇಲೆ ಸಲೀಸಾಗಿ ಉರುಳುತ್ತದೆ, ಹಿಡಿದ ದಾರಿಯನ್ನು ಸುಲಭಕ್ಕೆ ಬಿಡುವುದಿಲ್ಲ. ಮಣ್ಣಿನಲ್ಲಿ ವರವಾಗುವ ಈ ಗುಣ ಘಟ್ಟದ ಹೇರ್‌ಪಿನ್ನಿನಲ್ಲಿ ಸೋಮಾರಿತನದಂತೆ ಕಾಣುತ್ತದೆ. ಹಿಮಾಲಯನ್, ಹೀರೋ ಎಕ್ಸ್‌ಪಲ್ಸ್ ಎರಡಕ್ಕೂ ಮುಂದೆ 21. ಸುಜುಕಿ ವಿ-ಸ್ಟ್ರೋಮ್ ಎಸ್‌ಎಕ್ಸ್ ಮತ್ತು 2020ರಲ್ಲಿ ಬಂದ ಮೊದಲ ಕೆಟಿಎಂ 390 ಅಡ್ವೆಂಚರ್‌ಗೆ 19. ಅವು ಡಾಂಬರಿನಲ್ಲಿ ಹೆಚ್ಚು ಹೇಳಿದ ಮಾತು ಕೇಳುತ್ತವೆ. ನಿಮ್ಮ ಬದುಕೆಲ್ಲ ಶಿರಸಿ-ಕುಮಟಾ ಡಾಂಬರು ರಸ್ತೆಯಾದರೆ 19 ಸಾಕು. ಮನೆಗೆ ಕೊನೆಯ ಎರಡು ಕಿಲೋಮೀಟರ್ ತೋಟದ ಮಣ್ಣುದಾರಿಯಾದರೆ 21ರ ಬೆಲೆ ಜೂನ್ ತಿಂಗಳಲ್ಲಿ ತಿಳಿಯುತ್ತದೆ.

ಇಲ್ಲೂ ಒಂದು ರೋಗ ಅಡಗಿರಬಹುದು. ಕಾರವಾರದ ಗಾಡಿ ಹೆಚ್ಚು ಓಡಿರುವುದು 66ನೇ ಹೆದ್ದಾರಿಯ ಚತುಷ್ಪಥದಲ್ಲಿ, ನೇರಕ್ಕೆ. ಹಾಗೆ ಓಡಿದರೆ ಹಿಂದಿನ ಟೈರ್ ನಡುವೆ ಮಾತ್ರ ಸವೆದು ಚಪ್ಪಟೆಯಾಗುತ್ತದೆ. ಚಪ್ಪಟೆ ಟೈರ್ ವಾಲಲು ಹಟ ಮಾಡುತ್ತದೆ, ಬೈಯಿಸಿಕೊಳ್ಳುವುದು ಮುಂದಿನ ಚಕ್ರ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ: 1419 ಅಂತಿದ್ದರೆ 2019ರ 14ನೇ ವಾರದಲ್ಲಿ ತಯಾರಾದದ್ದು. ಬೈಕಿನ ಜೊತೆಗೇ ಬಂದ ಟೈರ್ ಇನ್ನೂ ಇದ್ದರೆ, ಹಲ್ಲು ಉಳಿದಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ. ಮಳೆಗಾಲದಲ್ಲಿ ಘಟ್ಟದ ತಿರುವಿನ ಒದ್ದೆ ದರಕಿನ (ಉದುರಿದ ಎಲೆ) ಮೇಲೆ ಅದನ್ನು ನಂಬಬೇಡಿ. ಎರಡು ಟೈರಿನ ಹಣ ಬೆಲೆಯಲ್ಲಿ ಕಳೆಯಿರಿ.

ಎತ್ತರದ ವಿಚಾರದಲ್ಲಿ ನಿಮ್ಮ ತಮ್ಮನ ಮಾತನ್ನು ಪೂರ್ತಿ ಒಪ್ಪಲಾರೆ. ಹಿಮಾಲಯನ್ 411ರ ಸೀಟು 800 ಮಿ.ಮೀ., 2023ರ ಕೊನೆಗೆ ಬಂದ 450ರದ್ದು 825, ವಿ-ಸ್ಟ್ರೋಮ್ ಎಸ್‌ಎಕ್ಸ್ 835, ಆ ಹಳೆಯ 390 ಅಡ್ವೆಂಚರ್ 855. ಅಂಕಿ ಅಷ್ಟೇ ನೋಡಬೇಡಿ. ಸೀಟಿನ ಅಗಲವೂ, ನೀವು ಕೂತಾಗ ಗಾಡಿ ಎಷ್ಟು ತಗ್ಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಐದಡಿ ಐದಿಂಚಿನವರಿಗೆ ಸಪಾಟು ನೆಲದಲ್ಲಿ ಒಂದು ಪಾದದ ಮುಂಭಾಗ ಗಟ್ಟಿಯಾಗಿ ಊರಿದರೆ ಸಾಕು, ಗಾಡಿ ನಿಲ್ಲುತ್ತದೆ. ಬೀಳುವುದು ಸಪಾಟು ನೆಲದಲ್ಲಿ ಅಲ್ಲ. ರಸ್ತೆ ಒಂದು ಕಡೆಗೆ ಇಳಿಜಾರಾಗಿರುವಲ್ಲಿ ನಿಲ್ಲಿಸಿ, ತಗ್ಗಿನ ಕಡೆಯ ಕಾಲು ಚಾಚಿ, ನೆಲ ಸಿಗದೆ ಹೋದಾಗ. ಘಟ್ಟದಲ್ಲಿ ಎದುರಿನಿಂದ ಲಾರಿ ಬಂದು ನಿಲ್ಲಬೇಕಾದಾಗ ಆಗುವುದು ಇದೇ. ಅದರ ಮೇಲೆ ಭಾರ: 411 ಹತ್ತಿರ ಹತ್ತಿರ 200 ಕೆ.ಜಿ., ಎಕ್ಸ್‌ಪಲ್ಸ್ 160ರ ಆಸುಪಾಸು. ಹದಿನೈದು ಲೀಟರ್ ಟ್ಯಾಂಕ್ ತುಂಬಿದರೆ ಹನ್ನೊಂದು ಕೆ.ಜಿ. ಪೆಟ್ರೋಲು, ಅದೂ ಮೇಲ್ಗಡೆ ಕೂರುತ್ತದೆ. ಓಡುವಾಗ ಇದು ಗೊತ್ತೇ ಆಗುವುದಿಲ್ಲ, ನಿಂತಾಗ ಗೊತ್ತಾಗುತ್ತದೆ.

ಅದಕ್ಕೇ ನಾನು ಹೇಳುವ ಪರೀಕ್ಷೆಯಲ್ಲಿ ಇಂಜಿನ್ ಬಂದ್ ಇರುತ್ತದೆ. ಮಾಲೀಕರ ಅಂಗಳದಲ್ಲಿ, ಸ್ವಲ್ಪ ಏರಿದ್ದರೆ ಇನ್ನೂ ಒಳ್ಳೆಯದು, ಗಾಡಿಯ ಮೇಲೆ ಕೂತು ಕಾಲಿನಿಂದಲೇ ಹಿಂದಕ್ಕೆ ತಳ್ಳಿ ತಿರುಗಿಸಿ. ಆಮೇಲೆ ಇಳಿದು ಹ್ಯಾಂಡಲ್ ಹಿಡಿದು ಹಾಗೆಯೇ ತಿರುಗಿಸಿ. ನಿಮ್ಮ ಮನೆಯಂಗಳದಲ್ಲಿ ಮಳೆಗಾಲಕ್ಕೆ ಹಾವಸೆ ಕಟ್ಟುವುದಿಲ್ಲವೇ? ಅದರ ಮೇಲೆ ಇದನ್ನೇ ಮಾಡಬೇಕು ಎಂದು ಕಣ್ಣಿಗೆ ತಂದುಕೊಳ್ಳಿ. ಬೆವರು ಕಿತ್ತುಬಂದರೆ ನಿಮ್ಮ ಉತ್ತರ ಸಿಕ್ಕಿತು, ಅದಕ್ಕೆ ನಾಚಿಕೆ ಪಡಬೇಕಿಲ್ಲ.

ಎತ್ತರ ತಗ್ಗಿಸಲು ತಗ್ಗಿನ ಸೀಟು ಹಾಕಿಸಬಹುದು, ತೊಂದರೆಯಿಲ್ಲ. ಹಿಂದಿನ ಲಿಂಕ್ (ಶಾಕ್ ಅಬ್ಸಾರ್ಬರಿಗೆ ಜೋಡಿಸಿದ ಕೊಂಡಿ) ಬದಲಿಸಿ ಗಾಡಿಯನ್ನೇ ಇಳಿಸುವ ಕೆಲಸಕ್ಕೆ ಯೋಚಿಸಿ ಕೈಹಾಕಿ. ನೆಲದಿಂದಿರುವ ಅಂತರ ಕಡಿಮೆಯಾಗುತ್ತದೆ. ಮುಂದಿನ ಫೋರ್ಕನ್ನೂ ತಕ್ಕಷ್ಟು ಇಳಿಸದಿದ್ದರೆ ತಿರುವಿನ ಸೋಮಾರಿತನ ಇನ್ನೂ ಹೆಚ್ಚುತ್ತದೆ. ಸೈಡ್ ಸ್ಟ್ಯಾಂಡ್ ಉದ್ದವಾಗಿಬಿಟ್ಟು ಗಾಡಿ ನೆಟ್ಟಗೆ ನಿಂತು ಗಾಳಿಗೇ ಆಚೆ ಬೀಳುತ್ತದೆ. ಮಾರುವವರು ಈ ಕೆಲಸ ಮಾಡಿಸಿಟ್ಟಿದ್ದಾರೋ ಎಂದೂ ನೋಡಿಕೊಳ್ಳಿ.

80 ದಾಟಿದರೆ ಕೈ ಜುಮ್ಮೆನ್ನುವುದು. ಒಂದೇ ಸಿಲಿಂಡರಿನ ದೊಡ್ಡ ಇಂಜಿನ್ ಸ್ವಲ್ಪ ನಡುಗಿಯೇ ನಡುಗುತ್ತದೆ. ಹಿಮಾಲಯನ್ 411 ಉದ್ದ ಸ್ಟ್ರೋಕಿನದು: ಬೋರ್, ಅಂದರೆ ಸಿಲಿಂಡರಿನ ಅಗಲ, 78 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 86. ಶಕ್ತಿ 24 ಬಿಎಚ್‌ಪಿ ಚಿಲ್ಲರೆ ಅಷ್ಟೇ, ಆದರೆ 32 ಎನ್‌ಎಂ ಎಳೆತ ಕೆಳಗಿನ ಆರ್‌ಪಿಎಂನಲ್ಲೇ ಸಿಗುತ್ತದೆ. ಕತಗಾಲ ದಾಟಿ ಘಟ್ಟ ಹತ್ತುವಾಗ ಗೇರ್ ಇಳಿಸದೆ ಎಳೆಯುವ ಇಂಥ ಇಂಜಿನ್ನನ್ನು ಅಂಕೋಲಾ ಹೆದ್ದಾರಿಯಲ್ಲಿ 110ಕ್ಕೆ ಓಡಿಸಿ ನಡುಗುತ್ತದೆ ಎಂದರೆ, ಎತ್ತನ್ನು ಕುದುರೆ ಪಂದ್ಯಕ್ಕೆ ಬಿಟ್ಟ ಹಾಗೆ. ಇನ್ನೊಂದು ಕಡೆ 450ಕ್ಕೆ 40 ಪಿಎಸ್ (ಬಿಎಚ್‌ಪಿಗೆ ಹತ್ತಿರದ ಅಳತೆ), ಆರು ಗೇರು, ನೀರಿನ ಕೂಲಿಂಗ್. ಹೆದ್ದಾರಿ ಅದಕ್ಕೆ ಭಾರವಲ್ಲ.

ನಿಮ್ಮ ನಡುಕ ಯಾವ ಜಾತಿಯದು ಎಂದು ತಿಳಿಯುವುದು ಸುಲಭ. ರಸ್ತೆ ಖಾಲಿ ಇರುವಲ್ಲಿ 85ಕ್ಕೆ ಬಂದು ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಡಿ. ಇಂಜಿನ್ ಇಳಿದ ಕೂಡಲೇ ನಡುಕ ನಿಂತರೆ ಅದು ಇಂಜಿನ್ನಿನದು. ಗಾಡಿ ಉರುಳುತ್ತಿರುವಷ್ಟು ಹೊತ್ತೂ ಉಳಿದರೆ ಚಕ್ರ, ಬೇರಿಂಗ್, ಚೈನ್ ಇವುಗಳಲ್ಲಿ ಒಂದರದ್ದು. ಇಂಜಿನ್ನಿನದೇ ಆದರೆ ಇನ್ನೊಂದು ಪ್ರಶ್ನೆ: ಒಂದು ವೇಗದಲ್ಲಿ ಬಂದು ಅದನ್ನು ದಾಟಿದರೆ ತಗ್ಗುತ್ತದೆಯೋ, ಎಲ್ಲ ವೇಗದಲ್ಲೂ ಇದೆಯೋ? ಮೊದಲನೆಯದು ಹುಟ್ಟುಗುಣ. ಎರಡನೆಯದಾದರೆ ಇಂಜಿನ್ ಮೌಂಟಿಂಗ್ ಬೋಲ್ಟ್ ಸಡಿಲವಿರಬಹುದು, ಮೊದಲು ಅದನ್ನು ನೋಡಿ.

ಈಗ 'ಟಕ್'. ಇದು ಹೆಚ್ಚಾಗಿ ಹ್ಯಾಂಡಲಿನ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬುಡದ ಬೇರಿಂಗ್. ಸೆಂಟರ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದೆ ಒತ್ತಿ ಹಿಡಿದು ಮುಂದಿನ ಚಕ್ರ ಎತ್ತಲಿ. ಒಂದೇ ಬೆರಳಿನಿಂದ ಹ್ಯಾಂಡಲನ್ನು ಎಡದಿಂದ ಬಲಕ್ಕೆ ನಿಧಾನ ತನ್ನಿ. ನಟ್ಟನಡುವೆ, ಚಕ್ರ ನೇರ ಬರುವಲ್ಲಿ, ಏನೋ ಗುಳಿಗೆ ಬಿದ್ದ ಹಾಗೆ ಕೂತರೆ ಬೇರಿಂಗಿನ ದಾರಿಯಲ್ಲಿ ಗುಂಡಿ ಬಿದ್ದಿದೆ. ಆಮೇಲೆ ಫೋರ್ಕಿನ ತುದಿ ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ಆಟ ಸಿಕ್ಕರೆ, ಸದ್ದು ಬಂದರೆ ಅದೇ. ಅರ್ಧ ದಿನದ ಕೆಲಸ. ಹ್ಯಾಂಡಲ್ ಬಿಟ್ಟರೆ ಅಲ್ಲಾಡುತ್ತದೆಯೇ ಎಂದು ಓಡುವಾಗ ಪರೀಕ್ಷಿಸುವ ಸಾಹಸ ಬೇಡ. ಹಿಂದೆ ದೊಡ್ಡ ಟಾಪ್ ಬಾಕ್ಸ್ ತುಂಬಿದ್ದರೆ ಆರೋಗ್ಯವಂತ ಗಾಡಿಯೂ ಅಲ್ಲಾಡುತ್ತದೆ.

ಕಾರವಾರದ ಗಾಡಿ ಎಂದ ಮೇಲೆ ಫೋರ್ಕನ್ನು ಅಷ್ಟಕ್ಕೇ ಬಿಡುವ ಹಾಗಿಲ್ಲ. ಎರಡು ವರ್ಷದ ಹಿಂದೆ ಕಡಲ ಕಡೆಯ ಒಂದು ಬೈಕ್ ನನ್ನಲ್ಲಿಗೆ ಬಂತು. ಹೊರಗಿನಿಂದ ಮದುಮಗನ ಹಾಗಿತ್ತು. ಕೊಂಡವರು ಒಂದೇ ವರ್ಷದಲ್ಲಿ ಮೂರು ಸಲ ಫೋರ್ಕಿನ ಆಯಿಲ್ ಸೀಲ್ ಹಾಕಿಸಿದ್ದರು, ಮೂರೂ ಸಲ ಸೋರಿತ್ತು. ಫೋರ್ಕಿಗೆ ತೊಡಿಸಿದ ಮಡಿಕೆ ಮಡಿಕೆಯ ರಬ್ಬರ್ ಬೂಟು ಇರುತ್ತದಲ್ಲ, ಅದರ ಕ್ಲಿಪ್ ಸಡಿಲಿಸಿ ಮೇಲಕ್ಕೆ ಸರಿಸಿದೆ. ಒಳಗಿನಿಂದ ಒಂದು ಚಮಚದಷ್ಟು ಕಪ್ಪು ಕೆಸರು ಜಾರಿ ನೆಲಕ್ಕೆ ಬಿತ್ತು. ಬಟ್ಟೆಯಲ್ಲಿ ಒರೆಸಿದರೆ ಕ್ರೋಮಿನ ಮೇಲೆ ರಾಗಿಕಾಳಿನಷ್ಟು ಕೆಂಪು ಚುಕ್ಕೆಗಳು. ಉಗುರು ಎಳೆದೆ, ಒಂದೊಂದು ಚುಕ್ಕೆಗೂ ತಡೆಯಿತು. ಧೂಳು ಬಾರದಿರಲಿ ಎಂದು ಹಾಕಿದ ಬೂಟೇ ಉಪ್ಪಿನ ತೇವವನ್ನು ಒಳಗೆ ಹಿಡಿದಿಟ್ಟಿತ್ತು. ಆ ಚುಕ್ಕೆಗಳು ಹೊಸ ಸೀಲನ್ನು ತುರಿಮಣೆಯಂತೆ ತುರಿದುಹಾಕುತ್ತಿದ್ದವು. ಸೀಲ್ ಬದಲಿಸಿ ಏನುಪಯೋಗ, ಬದಲಿಸಬೇಕಾದದ್ದು ಫೋರ್ಕ್ ಪೈಪನ್ನೇ. ಅದು ದುಬಾರಿ. ನೀವು ನೋಡುವ ಬೈಕಿಗೆ ಬೂಟು ಇದ್ದರೆ ಸರಿಸಿ ನೋಡಲು ಕೇಳಿ. ಬೇಡ ಎಂದರೆ ಅದೂ ಒಂದು ಉತ್ತರವೇ.

ಉಪ್ಪು ಗಾಳಿಯಲ್ಲಿ ಮಾತ್ರ ಬರುವುದಿಲ್ಲ. ಹೆದ್ದಾರಿಯಲ್ಲಿ ಮೀನು ಲಾರಿಯ ಹಿಂದೆ ಹೋದವರಿಗೆ ಗೊತ್ತು, ಐಸ್ ಕರಗಿದ ನೀರು ರಸ್ತೆಯುದ್ದಕ್ಕೂ ಸೋರುತ್ತಿರುತ್ತದೆ. ಅದು ಟೈರಿಗೆ ಜಾರು, ಕಬ್ಬಿಣಕ್ಕೆ ವಿಷ. ಸ್ಪೋಕಿನ ಬುಡದ ನಿಪ್ಪಲ್, ಸೈಲೆನ್ಸರ್ ಬೆಂಡಿನ ಒಳಮಗ್ಗುಲು, ಸೀಟಿನ ಕೆಳಗಿನ ಬೋಲ್ಟು ತುಕ್ಕು ಹಿಡಿದಿವೆಯೇ ನೋಡಿ. ಸ್ಪೋಕನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಮೊಂಡು ಸದ್ದು ಕೊಡುತ್ತದೆ. ನಂಬರ್ ಪ್ಲೇಟಿನಲ್ಲಿ ಕೆಎ-31 ಇದೆಯೆಂದು ಶಿರಸಿಯ ಗಾಡಿ ಎಂದುಕೊಳ್ಳಬೇಡಿ, ಕಾರವಾರದ ಕೆಎ-30 ಇದೆಯೆಂದು ಓಡಿಹೋಗಲೂ ಬೇಡಿ. ಗಾಡಿ ಎಲ್ಲಿ ಬಾಳಿದೆ ಎಂದು ನಿಪ್ಪಲ್ ಹೇಳುತ್ತದೆ.

ನೆರೆನೀರಿನ ಮಾತೂ ಉಂಟು. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು, 2021ರ ಜುಲೈನಲ್ಲಿ ಮತ್ತೆ. ಮುಳುಗಿದ ಗಾಡಿಯನ್ನು ಎಷ್ಟು ತೊಳೆದರೂ ಫ್ಯೂಸ್ ಬಾಕ್ಸಿನ ಮೂಲೆಯಲ್ಲಿ, ಹೆಡ್‌ಲೈಟ್ ಒಳಗೆ, ವೈರಿಗೆ ಸುತ್ತಿದ ಟೇಪಿನ ಅಡಿಯಲ್ಲಿ ನಯವಾದ ಮಣ್ಣು ಉಳಿದೇ ಇರುತ್ತದೆ. ಕನೆಕ್ಟರ್ ಬಿಚ್ಚಿದಾಗ ಹಸಿರು ಕಿಲುಬು ಕಂಡರೆ ಮುಂದೆ ಕಾಟ ತಪ್ಪಿದ್ದಲ್ಲ. ಕೀ ಹಾಕಿದ ಕೂಡಲೇ ಇಂಜಿನ್ ಲೈಟ್, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಲೈಟ್ ಎರಡೂ ಹೊತ್ತಿಕೊಳ್ಳಬೇಕು. ಮೊದಲನೆಯದು ಇಂಜಿನ್ ಚಾಲೂ ಆದ ಮೇಲೆ, ಎರಡನೆಯದು ಗಾಡಿ ಸ್ವಲ್ಪ ಉರುಳಿದ ಮೇಲೆ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತಿಕೊಳ್ಳುವುದೇ ಇಲ್ಲವಾದರೆ ಯಾರೋ ದೋಷ ಮುಚ್ಚಿದ್ದಾರೆ, ಅದು ಹೆಚ್ಚು ಕೆಟ್ಟದ್ದು. 125 ಸಿಸಿ ಮೀರಿದ ಬೈಕುಗಳಿಗೆ ಎಬಿಎಸ್ ಪೂರ್ತಿ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಆದ್ದರಿಂದ ಆರ್‌ಸಿಯಲ್ಲಿ ತಯಾರಿಯ ತಿಂಗಳನ್ನೂ ನೋಡಿ.

ಗೇರಿಗೆ ಬರೋಣ. ನಾಲ್ಕು-ಐದರ ನಡುವೆ ಸಿಗದೆ ಹೋಗುವುದಕ್ಕೆ ಅರ್ಧ ಕಾರಣ ಹೊಸ ಸವಾರನ ಮೆತ್ತನೆ ಕಾಲು, ಉಳಿದರ್ಧ ಕ್ಲಚ್ ಕೇಬಲ್, ಸಡಿಲ ಚೈನ್. ಎರಡು ಸಲ ಆಯಿತೆಂದು ನಾನು ಹೆದರುವುದಿಲ್ಲ. ನಾನು ಹೆದರುವುದು ಕೂತ ಗೇರ್ ತಾನಾಗಿ ಹಾರಿಬಂದರೆ. ಕಡಲಬದಿಯ ಸಪಾಟು ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದರೆ ಅದು ತಿಳಿಯುವುದಿಲ್ಲ. ಕಾರವಾರದ ಪಕ್ಕದ ಬಿಣಗಾ ಘಟ್ಟದ ಏರಿನಲ್ಲಾದರೂ ಎರಡನೇ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹತ್ತಿಸಿ. ಎಳೆಯುವಾಗ ಗೇರ್ ಹಾರಿದರೆ ಗೇರಿನ ಹಲ್ಲು ಸವೆದಿದೆ, ಇಂಜಿನ್ ಇಳಿಸಿ ಎರಡು ಭಾಗ ಮಾಡಬೇಕು. ಅಲ್ಲಿಂದಲೇ ಕೈಮುಗಿದು ಬಸ್ ಹತ್ತಿ. ಇಂಜಿನ್ ಕೂಗುತ್ತ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಅದಕ್ಕೆ ಮದ್ದಿದೆ, ಚೌಕಾಸಿ ಮಾಡಿ.

ಕಾಗದಪತ್ರ ಬೇಗ ಮುಗಿಸುತ್ತೇನೆ. ಇಂಜಿನ್, ಚಾಸಿಸ್ ನಂಬರನ್ನು ಆರ್‌ಸಿ ಜೊತೆ ಅಕ್ಷರ ಅಕ್ಷರ ತಾಳೆ ಹಾಕಿ. ಸಾಲದ ನಮೂದು ಇದ್ದರೆ ಅದು ತೆಗೆದ ಮೇಲೆಯೇ ಹಣ ಕೊಡಿ. 2018ರ ಸೆಪ್ಟೆಂಬರ್ ನಂತರದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಬಂದಿರುತ್ತದೆ. 2019ರ ಗಾಡಿಗೆ ಅದು 2024ಕ್ಕೇ ಮುಗಿದಿದೆ. ಆಮೇಲೆ ನವೀಕರಿಸಿದ್ದಾರೋ ಕೇಳಿ. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲು, 2019ರ ಗಾಡಿ ಅದಕ್ಕೆಂದು ತಯಾರಾದದ್ದಲ್ಲ. ಪೆಟ್ರೋಲ್ ಪೈಪುಗಳು ಬಿರುಕು ಬಿಟ್ಟಿವೆಯೇ ನೋಡಿ, ಬಿಟ್ಟಿದ್ದರೆ ಹಾಕಿಸಿಬಿಡಿ.

ಇನ್ನು ಕೊಳ್ಳಬೇಕೋ ಬಿಡಬೇಕೋ. ಕೋನ್ ಸೆಟ್, ಟೈರ್, ಚೈನ್ ಸೆಟ್, ಫೋರ್ಕ್ ಆಯಿಲ್ ಇಷ್ಟೇ ಕೆಲಸ ಕಂಡರೆ, ಆ ಮೊತ್ತ ಬೆಲೆಯಲ್ಲಿ ಬಿಟ್ಟುಕೊಟ್ಟರೆ, ನಾನಾದರೆ ಕೊಳ್ಳುತ್ತೇನೆ. ಫೋರ್ಕ್ ಪೈಪು ಚುಕ್ಕೆ ಬಿದ್ದಿದ್ದರೆ, ಗೇರ್ ಹಾರಿದರೆ, ನೆರೆಯ ಮಣ್ಣು ಸಿಕ್ಕರೆ, ಅರ್ಧ ಬೆಲೆಗೆ ಕೊಟ್ಟರೂ ಬೇಡ. ಅಂಗಳದ ಪರೀಕ್ಷೆಯಲ್ಲಿ ಸೋತರೆ ಹೊಸ 200 ಸಿಸಿಯವನ್ನು ನೋಡಿ. ಭಾರ ನಲವತ್ತು ಕೆ.ಜಿ. ಕಡಿಮೆ, ಮಣ್ಣಿನಲ್ಲಿ ಹಗುರ. ಆದರೆ ಇಬ್ಬರು ಕೂತು ಸಾಮಾನು ಹೇರಿ ಘಟ್ಟ ಹತ್ತುವಾಗ ಗೇರ್ ಇಳಿಸುತ್ತಲೇ ಇರಬೇಕು. ಸೀಟೂ ಎತ್ತರವೇ, ಎಕ್ಸ್‌ಪಲ್ಸ್ 200 4ವಿಗೆ 825. ಹಗುರವೆಂದು ತಗ್ಗು ಎಂದುಕೊಳ್ಳಬೇಡಿ. ಹೊಸ 450 ವರ್ಗದ್ದು ಎಲ್ಲದಕ್ಕೂ ಉತ್ತರವೆಂದು ಕಾಣುತ್ತದೆ, ಹಣ ಮಾತ್ರ ಬೇರೆ ಲೆಕ್ಕ. ನಿಧಾನವಾಗಿ ಘಟ್ಟ ಹತ್ತುವಾಗ ರೇಡಿಯೇಟರ್ ಫ್ಯಾನಿನ ಬಿಸಿಗಾಳಿ ಮೊಣಕಾಲಿಗೆ ಬಡಿಯುತ್ತದೆ. ಅದು ಹುಟ್ಟುಗುಣ. ಕೂಲೆಂಟ್ ಮಟ್ಟ ತಿಂಗಳು ತಿಂಗಳು ಇಳಿದರೆ ರೋಗ.

ಮತ್ತೊಮ್ಮೆ ಕಾರವಾರಕ್ಕೆ ಹೋಗುವಾಗ ಹಿಂದಿನ ರಾತ್ರಿ ಫೋನ್ ಮಾಡಿ, "ಬೆಳಿಗ್ಗೆ ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅನ್ನಿ. ಏಳು ಗಂಟೆಗೆ ತಲುಪಿ ಮೊದಲು ಇಂಜಿನ್ ಮುಟ್ಟಿ ನೋಡಿ. ತಣ್ಣಗಿರುವ ಇಂಜಿನ್ ಟಿಕ್ ಟಿಕ್ ಅಂದು ಐದು ನಿಮಿಷದಲ್ಲಿ ಸುಮ್ಮನಾದರೆ ಅದು ವಾಲ್ವ್ ಒತ್ತುವ ಟ್ಯಾಪೆಟ್ಟಿನ ಸದ್ದು, ಚಿಂತೆಯಿಲ್ಲ. ಬಿಸಿಯಾದ ಮೇಲೂ ಒಳಗಿನಿಂದ ಕಟಕಟ ಎನ್ನುತ್ತ, ಎಳೆಯುವಾಗ ಜೋರಾದರೆ ಬಿಡಿ. ಆಗಲೇ ಬೆಚ್ಚಗಿದ್ದರೆ ಯಾಕೆ ಎಂದು ಕೇಳಿ.

ಮನೆಯವರನ್ನೂ ಕರೆದುಕೊಂಡೇ ಹೋಗಿ. ಅವರು ಚೂಡಿದಾರದಲ್ಲಿ ಬಂದರೆ ಒಮ್ಮೆ, ಸೀರೆಯಲ್ಲಿ ಬಂದರೆ ಎರಡು ಸಲ ಹತ್ತಿ ಇಳಿಯಲಿ. ಹತ್ತುವ ಮೊದಲು ನಿಮ್ಮ ಭುಜ ತಟ್ಟಿ ಹೇಳಲಿ, ನೀವು ಎರಡೂ ಕಾಲು ಊರಿ ಮುಂದಿನ ಬ್ರೇಕ್ ಹಿಡಿದಿರಿ. ನೀವೊಬ್ಬರೇ ಕೂತಾಗ ಹತೋಟಿಯಲ್ಲಿದ್ದ ಇನ್ನೂರು ಕೆ.ಜಿ. ಗಾಡಿ ಅವರು ಪೆಗ್ ಮೇಲೆ ಕಾಲಿಟ್ಟ ಆ ಒಂದು ಕ್ಷಣ ಯಾವ ಕಡೆ ವಾಲುತ್ತದೆ, ನಿಮ್ಮ ಕಾಲು ತಡೆಯುತ್ತದೋ ಇಲ್ಲವೋ, ಅಲ್ಲೇ ಗೊತ್ತಾಗುತ್ತದೆ. ಗಾಡಿಯ ಎಡಕ್ಕೆ ಮಾಲೀಕರನ್ನು ನಿಲ್ಲಿಸಿಕೊಳ್ಳಿ. ಬಿದ್ದರೆ ಹಿಡಿಯಲು ಅವರಷ್ಟು ಆಸ್ಥೆ ಇರುವವರು ಬೇರೆ ಯಾರೂ ಸಿಗುವುದಿಲ್ಲ.